ಅಯಸ್ಕಾಂತ ಹಿಡಿಯದ ಜಾಗ

ಮರ್ಫಿ, ಡಾಲಸ್
19 ಜುಲೈ 2025

ಕೃಷ್ಣವೇಣಿ,

ನನ್ನ ಅಕ್ಷರ ನೋಡಿ ನೀನು ಈ ಲಕೋಟೆಯನ್ನು ಒಡೆಯದೆ ಬದಿಗಿಡಬಹುದು. ಮೂರು ವರ್ಷದಿಂದ ನನ್ನ ಫೋನ್ ಎತ್ತಿಲ್ಲ ನೀನು. ಈಗ ಎತ್ತಿದರೂ ನಾನು ಮಾತಾಡಬಾರದು.

ನಿನ್ನೆ ಆಸ್ಟಿನ್ನಿನ ಮಧ್ಯಸ್ಥಿಕೆ ಕಚೇರಿಯಿಂದ ಒಂದು ಪತ್ರ ಬಂತು. ಕೊನೆಯಲ್ಲಿ ನಿನ್ನ ಸಹಿ, ಅದರ ಕೆಳಗೆ ಪ್ರಭಂಜನನ ಸಹಿ. ನಿಮ್ಮಿಬ್ಬರ ಹೆಸರನ್ನು ಹಾಗೆ ಒಟ್ಟಿಗೆ ನೋಡಿ ಬಹಳ ದಿನವಾಗಿತ್ತು. ಒಂದು ಕ್ಷಣ ಯಾವುದೋ ಸಮಾರಂಭದ ಕರೆಯೋಲೆ ಅಂದುಕೊಂಡೆ. ವಿಚ್ಛೇದನದ ಪಾಲುಪಟ್ಟಿಗಾಗಿ 1957ರ ಷೆವ್ರೊಲೆ ಬೆಲ್ ಏರ್ ಕಾರಿಗೆ ನಾನು ಬೆಲೆ ಕಟ್ಟಬೇಕಂತೆ. ನಾನು ಬರೆದ ಮೊತ್ತವನ್ನು ಇಬ್ಬರೂ ಪ್ರಶ್ನಿಸದೆ ಒಪ್ಪುತ್ತೀರಂತೆ.

ಹಳೆಯ ಕಾರುಗಳಿಗೆ ಬೆಲೆ ಕಟ್ಟುವುದು ನನ್ನ ಕೆಲಸ, ನಿಜ. ಹನ್ನೆರಡು ವರ್ಷದಿಂದ ಡಾಲಸ್ಸಿನ ಗ್ಯಾರೇಜು ಗ್ಯಾರೇಜು ಸುತ್ತಿದ್ದೇನೆ. ಆದರೆ ಈ ಕೆಲಸ ನಾನು ಒಪ್ಪಿಕೊಳ್ಳಬೇಕೇ? ಮೈಸೂರಿನ ಮೆಕ್ಯಾನಿಕಲ್ ತರಗತಿಯಲ್ಲಿ ಅರವತ್ತು ಹುಡುಗರ ನಡುವೆ ಇದ್ದ ಇಬ್ಬರೇ ಹುಡುಗಿಯರು ನಾವು. ಪ್ರಭಂಜನನ ಪರಿಚಯವೂ ನನಗೆ ಇಪ್ಪತ್ತು ವರ್ಷದ್ದು. ಅದಕ್ಕಿಂತ ಮುಖ್ಯವಾಗಿ, 2018ರಲ್ಲಿ ನೀವು ಅದನ್ನು ಕೊಳ್ಳುವಾಗ ತೊಂಬತ್ತೆರಡು ಸಾವಿರ ಡಾಲರ್ ಎಂದು ಬರೆದುಕೊಟ್ಟವಳೂ ನಾನೇ. ನನ್ನ ಮಾತಿಗೆ ನಾನೇ ಸಾಕ್ಷಿಯಾಗುವುದು ಸರಿಯೇ ಎಂದು ರಾತ್ರಿಯಿಂದ ಕೇಳಿಕೊಳ್ಳುತ್ತಿದ್ದೇನೆ.

ನೀನು ಬೇಡವೆಂದರೆ ಬಿಡುತ್ತೇನೆ. ಬೇಕೆಂದರೆ ಒಂದು ನಿಯಮ: ಬೆಲೆಯ ಬಗ್ಗೆ ಏನಿದ್ದರೂ ಕಾಗದದಲ್ಲಿ. ನಿಮ್ಮಿಬ್ಬರಲ್ಲಿ ಯಾರು ನನಗೆ ಬರೆದರೂ ಇನ್ನೊಬ್ಬರಿಗೆ ತೋರಿಸುತ್ತೇನೆ. ಅವನಿಗೂ ಹೀಗೇ ಬರೆದಿದ್ದೇನೆ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನ್ನ ಅಳತೆ ತಪ್ಪುತ್ತದೆ. ಕಾಗದವನ್ನಾದರೆ ಮರುದಿನ ಓದಿ ನೋಡಬಹುದು.

ಹೇಗಿದ್ದೀ ಎಂದು ಕೇಳುವ ಹಕ್ಕು ನನಗಿದೆಯೋ ಇಲ್ಲವೋ ತಿಳಿಯದು.

ಸುಚೇತಾ


ಫ್ಲೂಗರ್‌ವಿಲ್, ಆಸ್ಟಿನ್
27 ಜುಲೈ 2025

ಸುಚೇತಾ,

ಹಕ್ಕಿಲ್ಲ. ಕೇಳಬೇಡ.

ಕೆಲಸ ಒಪ್ಪಿಕೋ. ನಿನ್ನ ಹೆಸರು ಹೇಳಿದ್ದು ಅವನ ವಕೀಲರು. ನಾನು ಆ ಕ್ಷಣವೇ ಹೂಂ ಅಂದೆ. ಬೇರೆ ಯಾರೋ ಬಂದು ತೊಂಬತ್ತೆರಡನ್ನು ಎಪ್ಪತ್ತು ಮಾಡುವುದು ಬೇಡ. ನಿನ್ನದೇ ವರದಿಯನ್ನು ನೀನು ಸುಳ್ಳು ಮಾಡುವುದಿಲ್ಲವಲ್ಲ.

ವಿಷಯ ಇಷ್ಟು. ಕಾರನ್ನು ಅವನು ಆಗಲೇ ಹ್ಯೂಸ್ಟನ್ನಿಗೆ ತೆಗೆದುಕೊಂಡು ಹೋಗಿದ್ದಾನೆ. ಕಾರು ಅವನಿಗೆ, ಈ ಮನೆ ನನಗೆ, ಮನೆಯ ಬೆಲೆ ಹೆಚ್ಚಾದ್ದರಿಂದ ವ್ಯತ್ಯಾಸವನ್ನು ನಾನು ಅವನಿಗೆ ಕೊಡಬೇಕು. ಕಾರಿನ ಬೆಲೆ ಇಳಿದಷ್ಟೂ ನಾನು ಕೊಡುವುದು ಏರುತ್ತದೆ. ಕಾರಿನ ಬೆಲೆ ಎಂಬತ್ತೈದು ಸಾವಿರಕ್ಕಿಂತ ಕೆಳಗಿಳಿಯದಿದ್ದರೆ ಬ್ಯಾಂಕಿನ ಸಾಲ ನನ್ನ ಸಂಬಳಕ್ಕೆ ಹೊಂದುತ್ತದೆ. ಇಳಿದರೆ ಮನೆ ಮಾರಬೇಕು. ಸೆಪ್ಟೆಂಬರ್ 25ಕ್ಕೆ ಮಧ್ಯಸ್ಥಿಕೆ.

ಮನೆ ಅಂದರೆ ನನಗೆ ಗೋಡೆಗಳ ಮೋಹ ಅಂತ ತಿಳಿಯಬೇಡ. ಅನಘಾಳಿಗೆ ಇದು ಶಾಲೆಯ ಕೊನೆಯ ವರ್ಷ, ಅದೂ ದೊಡ್ಡ ಕಾರಣವಲ್ಲ. ಅವಳನ್ನು ಕೇಳಿದರೆ, "ಮಾಮ್, ಲೆಟ್ ಹಿಮ್ ಹ್ಯಾವ್ ದ ಸ್ಟುಪಿಡ್ ಕಾರ್" ಅಂತಾಳೆ. ನನಗೆ ಒಂದು ಬಾಗಿಲು ಬೇಕು. ಯಾರೂ ನನ್ನನ್ನು ಕಾರು ಹತ್ತಿಸಿ ವಾಪಸ್ ಕಳಿಸಲಾಗದ ಬಾಗಿಲು.

2022ರ ಮಾರ್ಚಿನಲ್ಲಿ ಅವನನ್ನು ಬಿಟ್ಟು ನಿನ್ನ ಮನೆಗೆ ಒಂದು ಸೂಟ್‌ಕೇಸ್ ಹಿಡಿದು ಬಂದಿದ್ದೆ. ಮರುದಿನ ಬೆಳಿಗ್ಗೆ ನಿನ್ನ ಗಂಡ ತಿರುಮಲ ನನ್ನನ್ನು ವಾಪಸ್ ಇಲ್ಲಿಗೆ ಬಿಡಲು ಡ್ರೈವ್ ಮಾಡಿದರು. ಸೂಟ್‌ಕೇಸನ್ನು ಡಿಕ್ಕಿಗೆ ಇಟ್ಟವಳು ನೀನು. ಇದನ್ನು ಇನ್ನೊಂದು ಸಲ ಬರೆಯುವುದಿಲ್ಲ.

ಬೆಲೆ ಬರೆ. ಅಷ್ಟು ಸಾಕು.

ಕೃಷ್ಣವೇಣಿ


ಮರ್ಫಿ
11 ಆಗಸ್ಟ್ 2025

ಕೃಷ್ಣವೇಣಿ,

ನಿನ್ನೆ ಬೆಳಿಗ್ಗೆ ಐದಕ್ಕೆ ಹೊರಟು ಹ್ಯೂಸ್ಟನ್ ತಲುಪುವಾಗ ಒಂಬತ್ತೂವರೆ. ಆ ಹೊತ್ತಿಗೇ ನೆಲ ಕಾದಿತ್ತು. ಪ್ರಭಂಜನ ಬಾಡಿಗೆಗೆ ಹಿಡಿದಿರುವ ಮನೆ ಊರಿನ ಪಶ್ಚಿಮಕ್ಕೆ, ಕೇಟಿಯಲ್ಲಿ. ಒಂದೇ ಕಾರಿನ ಗ್ಯಾರೇಜು. ಅದು ಬೆಲ್ ಏರ್‌ಗೆ. ಅವನು ಓಡಾಡುವ ಕಾರು ಹೊರಗೆ ಬಿಸಿಲಿನಲ್ಲಿ ನಿಂತಿತ್ತು.

ಗ್ಯಾರೇಜಿನ ಬಾಗಿಲು ಮೇಲೇರಿದಾಗ ಮೊದಲು ಕಂಡದ್ದು ಹಿಂದಿನ ಆ ಎರಡು ರೆಕ್ಕೆಗಳು. ಎಡರೆಕ್ಕೆಯ ಬೆಳ್ಳಿಪಟ್ಟಿಯನ್ನು ತೆರೆದರೆ ಅದರ ಹಿಂದೆ ಪೆಟ್ರೋಲ್ ಹಾಕುವ ಬಾಯಿ ಇರುತ್ತದಲ್ಲ, ಅನಘಾ ಚಿಕ್ಕವಳಿದ್ದಾಗ ಅದನ್ನು ಹುಡುಕುವ ಆಟ ಆಡುತ್ತಿದ್ದಳು. ನೀಲಿಹಸಿರು ಬಣ್ಣ ಹಾಗೇ ಇದೆ. ಒಳಗೆ ಮುಂದಿನ ಸೀಟಿನಲ್ಲಿ ನಿನ್ನ ಅತ್ತೆ ಶಕುಂತಲಾ ಆಂಟಿ ಚಹಾ ಲೋಟ ಹಿಡಿದು ಕೂತಿದ್ದರು. ದಿನಾ ಹಾಗೆ ಕೂರುತ್ತಾರಂತೆ.

"ಬರ್ರಿ ಸುಚೇತಾ. ಭಾಳ ಸೊರಗೀರಿ."

"ಇಲ್ಲ ಆಂಟಿ, ಕನ್ನಡಕ ಬದಲಾಗಿದೆ ಅಷ್ಟೆ."

"ಗಾಡಿ ನೋಡ್ಲಿಕ್ಕೆ ಬಂದೀರಿ? ನೋಡ್ರಿ, ನೋಡ್ರಿ. ಇವತ್ತೇನ ಹಬ್ಬಿಲ್ಲ. ಏನ ಮುಟ್ಟಿದ್ರೂ ನಡೀತದ."

ಅವರು ಅದನ್ನು ಸಹಜವಾಗಿ ಅಂದರು. ನನ್ನ ಕೈಯಲ್ಲಿದ್ದ ಚೀಲ ಭಾರವಾಯಿತು.

"ಅವ್ವ, ಇಳಿ. ಅವರು ಸೀಟ ತೆಗೀಬೇಕು" ಅಂದ ಪ್ರಭಂಜನ.

"ಸೀಟ್ಯಾಕ ತೆಗೀತಾರ? ಕೂಡ್ಲಿಕ್ಕೆ ಅಂತ ಅಲ್ಲೇನ ಇರೂದು?"

ಈ ಕೆಲಸದಲ್ಲಿ ನಾನು ಮೊದಲು ತೆಗೆಯುವುದು ಬಟ್ಟೆ ಸುತ್ತಿದ ಒಂದು ಪುಟ್ಟ ಅಯಸ್ಕಾಂತ. ಬಣ್ಣದ ಕೆಳಗೆ ಉಕ್ಕಿದ್ದರೆ ಹಿಡಿದುಕೊಳ್ಳುತ್ತದೆ. ತುಕ್ಕು ತಿಂದ ಜಾಗಕ್ಕೆ ಯಾರಾದರೂ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಜಾರುತ್ತದೆ. ಮುಂಬಾಗಿಲಿಗೆ ಹಿಡಿಯಿತು. ಬಾಗಿಲಿನ ಕೆಳತುದಿಯಲ್ಲಿ ದೊಪ್ಪನೆ ನೆಲಕ್ಕೆ ಬಿತ್ತು. ಹಿಂದಿನ ಚಕ್ರದ ಮೇಲಿನ ತಗಡಿನಿಂದಲೂ ಬಿತ್ತು. ಬಲಗಡೆಯೂ ಅಷ್ಟೆ. ಮೊಣಕಾಲ ಎತ್ತರದವರೆಗೆ, ಸುತ್ತಲೂ, ಆ ಕಾರು ಕಬ್ಬಿಣವೇ ಅಲ್ಲ.

ಸೀಟು ತೆಗೆದೆ, ನೆಲಹಾಸು ಎತ್ತಿದೆ. ಮೂಲೆಗಳಲ್ಲಿ ನುಣುಪಾದ ಬೂದುಮಣ್ಣು. ಡ್ಯಾಶ್‌ಬೋರ್ಡಿನ ಹಿಂದೆ ಟಾರ್ಚ್ ಹಿಡಿದರೆ ವೈರುಗಳ ಮೇಲೆ ಒಂದೇ ಮಟ್ಟದಲ್ಲಿ ಗೆರೆ ಎಳೆದಂತೆ ಅದೇ ಮಣ್ಣು. ಮಾರಿದವನು ಹ್ಯೂಸ್ಟನ್ನಿನವನಲ್ಲವೇ? 2017ರ ಪ್ರವಾಹದಲ್ಲಿ ಈ ಕಾರು ನೀರಿನಲ್ಲಿ ನಿಂತಿತ್ತು, ಕೃಷ್ಣವೇಣಿ. ಮರುವರ್ಷ ಅದಕ್ಕೆ ಬಣ್ಣ ಬಳಿದು ನಿಮಗೆ ಮಾರಿದ್ದಾರೆ.

ನಾನು ಇದನ್ನು ಏಳು ವರ್ಷದ ಹಿಂದೆಯೇ ಕಾಣಬೇಕಿತ್ತು. ಯಾಕೆ ಕಾಣಲಿಲ್ಲ ಎಂಬುದು ನಿನಗೂ ಗೊತ್ತು.

ಅವತ್ತು ಆಯುಧಪೂಜೆ. ಮಾರುವವನು ಮೂರು ದಿನದ ಮಟ್ಟಿಗೆ ಕಾರನ್ನು ನಿಮ್ಮ ಮನೆಗೆ ಕಳಿಸಿದ್ದ. ಮರುದಿನ ಮಧ್ಯಾಹ್ನ ದುಡ್ಡು ಕಟ್ಟುವ ಗಡುವು. ನಾನು ಬಂದಾಗ ಕಾರಿಗೆ ಚೆಂಡುಹೂವಿನ ಹಾರ, ಚಕ್ರಕ್ಕೊಂದು ನಿಂಬೆಹಣ್ಣು. ಅಂಗಳದಲ್ಲಿ ಬೂದುಗುಂಬಳ ಒಡೆದಾಗಿತ್ತು. ನಾನು ಚೀಲ ಬಿಚ್ಚಿದೆ. ಆಂಟಿ, "ಇವತ್ತ ಆಯುಧ ಹಚ್ಚಬಾರದವಾ. ಪೂಜಿಗೆ ಇಡ್ರಿ, ನಾಳೆ ತಗೋರಿ" ಅಂದರು. ನೀನು ನಗುತ್ತಾ ನನ್ನ ಕೈಯಿಂದ ಅಯಸ್ಕಾಂತ, ಟಾರ್ಚು, ಸ್ಕ್ರೂಡ್ರೈವರ್ ತಗೊಂಡು ದೇವರ ಮುಂದೆ ಲ್ಯಾಪ್‌ಟಾಪುಗಳ ಪಕ್ಕ ಸಾಲಾಗಿ ಇಟ್ಟೆ. ಕುಂಕುಮವನ್ನೂ ಹಚ್ಚಿದೆ. ಹಾರ ಸರಿಸಿ ನೆಲಹಾಸು ಎತ್ತಲು ನನಗೆ ಮನಸ್ಸಾಗಲಿಲ್ಲ. ಕಣ್ಣಿನಲ್ಲೇ ಒಂದು ಸುತ್ತು ನೋಡಿದೆ, ಪುಳಿಯೋಗರೆ ತಿಂದೆ, ಸಂಜೆಗೆ ಡಾಲಸ್ಸಿಗೆ ಹೊರಟೆ. ಅವಸರದಲ್ಲಿ ಅಯಸ್ಕಾಂತ ಅಲ್ಲೇ ಉಳಿಯಿತು. ಮರುವಾರ ಹೊಸದು ಕೊಂಡೆ.

ಆದರೆ ವರದಿಯಲ್ಲಿ "ಉಪಕರಣಗಳಿಂದ ಪರೀಕ್ಷಿಸಲಾಗಿದೆ" ಎಂಬ ಸಾಲಿನ ಮುಂದೆ ಗುರುತು ಹಾಕಿದೆ. ಅದನ್ನು ಆಂಟಿ ಹಾಕಿಸಲಿಲ್ಲ. ನೀನೂ ಹಾಕಿಸಲಿಲ್ಲ.

ಹೊರಡುವಾಗ ಪ್ರಭಂಜನ ಕೇಳಿದ, "ಎಷ್ಟ ಬರೀತೀರಿ?"

"ಇನ್ನೂ ಲೆಕ್ಕ ಹಾಕಿಲ್ಲ."

"ನೀವು ಬರದದ್ದ ನಾ ಒಪ್ಪತೀನಿ. ನೀವು ಸುಳ್ಳ ಬರಿಯೋರಲ್ಲ." ಹೀಗೆಂದು ನಕ್ಕ. ಅಯಸ್ಕಾಂತ ಬಿದ್ದಾಗ ಅವನ ಮುಖದಲ್ಲಿ ಆಶ್ಚರ್ಯವಿರಲಿಲ್ಲ ಎಂಬುದು ಹೈವೇ ಹಿಡಿದ ಮೇಲೆ ಹೊಳೆಯಿತು.

ಬೆಲೆಯನ್ನು ಇನ್ನೂ ಬರೆದಿಲ್ಲ.

ಸುಚೇತಾ


ಫ್ಲೂಗರ್‌ವಿಲ್
17 ಆಗಸ್ಟ್ 2025

ಸುಚೇತಾ,

ನಿನ್ನ ಕಾಗದವನ್ನು ಆಫೀಸಿನ ಪಾರ್ಕಿಂಗ್‌ನಲ್ಲಿ ಕೂತು ಓದಿದೆ. ಎರಡನೇ ಸಲ ಓದಲಿಲ್ಲ.

ನೇರವಾಗಿ ಬರೆಯುತ್ತೇನೆ. ಎಂಬತ್ತೈದು ಬರೆ. ಕಾರು ಯಾರ ಕೈಗೂ ಮಾರಾಟಕ್ಕೆ ಹೋಗುತ್ತಿಲ್ಲ. ಅವನ ಗ್ಯಾರೇಜಿನಲ್ಲೇ ಇರುತ್ತದೆ, ಅವನ ಅಮ್ಮ ಅದರಲ್ಲಿ ಕೂತು ಚಹಾ ಕುಡಿಯುತ್ತಾರೆ. ಯಾರಿಗೂ ಮೋಸವಾಗುವುದಿಲ್ಲ. ಇನ್ನೊಬ್ಬರು ಬಂದು ನೆಲಹಾಸು ಎತ್ತುವುದೂ ಇಲ್ಲ.

ನಿನಗೆ ನ್ಯಾಯದ ಚಟ ಇದೆ. 2022ರಲ್ಲೂ ಹಾಗೇ. ನಾನು ಅಳುತ್ತಾ ಹೇಳಿದ್ದನ್ನು ನೀನು ಕೇಳಿದೆ, ಆಮೇಲೆ ಹಿತ್ತಲಿಗೆ ಹೋಗಿ ಅವನಿಗೆ ಫೋನ್ ಮಾಡಿ ಅವನದನ್ನೂ ಕೇಳಿದೆ. ಎರಡನ್ನೂ ತೂಗಿದೆ. ತೂಗಿ ನನ್ನನ್ನು ಕಾರು ಹತ್ತಿಸಿದೆ.

ಒಂದು ಸಲ ಅವರ ಮನೆಯ ಹಬ್ಬಕ್ಕಾಗಿ ಕಣ್ಣು ಮುಚ್ಚಿದ್ದೀಯ. ಒಂದು ಸಲ ನನಗಾಗಿ ಮುಚ್ಚು.

ಕೃಷ್ಣವೇಣಿ


ಮರ್ಫಿ
30 ಆಗಸ್ಟ್ 2025

ಪ್ರಿಯ ವೇಣಿ,

ಇದು ನಾಲ್ಕನೇ ಕಾಗದ. ಮೂರನ್ನು ಹರಿದೆ. ಒಂದರಲ್ಲಿ ಎಂಬತ್ತೈದು ಎಂದು ಬರೆದಿದ್ದೆ. ಅಕ್ಷರಗಳು ಚೆನ್ನಾಗಿಯೇ ಕಾಣುತ್ತಿದ್ದವು.

ಎರಡು ವಾರ ನಾನು ಮಾಡಿದ್ದು ಲೆಕ್ಕ ಮಾತ್ರವಲ್ಲ. ಲೆಕ್ಕ ಸುಲಭ. ಕಳೆದ ಎರಡು ವರ್ಷದಲ್ಲಿ ಡಾಲಸ್, ಹ್ಯೂಸ್ಟನ್ ಹರಾಜುಗಳಲ್ಲಿ ಮಾರಾಟವಾದ ಹದಿನಾಲ್ಕು ಬೆಲ್ ಏರ್‌ಗಳನ್ನು ತೆಗೆದೆ. ಚೊಕ್ಕವಾದವು ತೊಂಬತ್ತು ದಾಟಿವೆ. ನೀರು ಕಂಡವು ಅರ್ಧಕ್ಕೂ ಮುಟ್ಟಿಲ್ಲ. ಜಾರ್ಜ್‌ಟೌನಿನಲ್ಲಿ ಹಳೆಯ ಕಾರುಗಳನ್ನು ರಿಪೇರಿ ಮಾಡುವ ಬದರಿನಾಥ ಅವರಿಗೆ ಯಾರ ಕಾರು ಎಂದು ಹೇಳದೆ ಫೋಟೋ ತೋರಿಸಿದೆ. "ಮೇಡಂ, ಇದು ಕಾರಲ್ಲ, ಮೇಕಪ್ಪು. ಮುಖ ತೊಳೆಯೋಕೆ ಹೋಗ್ಬೇಡಿ" ಅಂದರು. ಅವರು ಹೇಳಿದ ಮೊತ್ತಕ್ಕೂ ನನ್ನದಕ್ಕೂ ಎರಡೇ ಸಾವಿರದ ಅಂತರ.

ನಲವತ್ತನಾಲ್ಕು ಸಾವಿರ, ವೇಣಿ. ವರದಿ ನಿನ್ನೆ ಕಚೇರಿಗೆ ಹೋಯಿತು.

ನ್ಯಾಯವಾದ ಬೆಲೆ ಎಂದರೆ ಏನು ಎಂದು ನಮಗೆ ಹೇಳಿಕೊಡುವ ಸೂತ್ರವೊಂದಿದೆ. ಮಾರುವವನಿಗೆ ಅವಸರವಿರಬಾರದು, ಕೊಳ್ಳುವವನಿಗೆ ಒತ್ತಾಯವಿರಬಾರದು, ಇಬ್ಬರಿಗೂ ಎಲ್ಲ ಗೊತ್ತಿರಬೇಕು. ಆಗ ಇಬ್ಬರೂ ಒಪ್ಪುವ ಮೊತ್ತ ಅದು. ಇದನ್ನು ಎಷ್ಟು ವರದಿಗಳ ಮೊದಲ ಪುಟದಲ್ಲಿ ಬರೆದಿದ್ದೇನೋ. ಈ ಸಲ ಬರೆಯುವಾಗ ಮಾತ್ರ ಕೈ ತಡೆಯಿತು. ಯಾರ ಬದುಕಿನಲ್ಲಿ ಹೀಗೆ ಅವಸರವೂ ಒತ್ತಾಯವೂ ಇಲ್ಲದ ಒಂದು ಗಳಿಗೆ ಬರುತ್ತದೆ? ಆದರೆ ಎಂಬತ್ತೈದು ಬರೆದರೆ ಅದು ನಿನಗಾಗಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜದಲ್ಲಿ ಅದು ನನ್ನ ತೊಂಬತ್ತೆರಡನ್ನು ಮುಚ್ಚಿಡುವುದಕ್ಕೂ ಆಗುತ್ತಿತ್ತು. ಯಾವುದು ಹೆಚ್ಚು ಎಂದು ನನಗೆ ಬಿಡಿಸಿ ನೋಡಲಾಗಲಿಲ್ಲ. ಬಿಡಿಸಲಾಗದ್ದನ್ನು ಬರೆಯಬಾರದು ಎನಿಸಿತು.

2018ರಲ್ಲಿ ಉಪಕರಣ ಮುಟ್ಟದೆ ಸಹಿ ಹಾಕಿದ್ದೆ ಎಂದು ವರದಿಯ ಎರಡನೇ ಪುಟದಲ್ಲಿ ಬರೆದಿದ್ದೇನೆ. ನಮ್ಮ ಬೆಲೆಗಾರರ ಸಂಘಕ್ಕೂ ಪ್ರತಿ ಹೋಗಿದೆ. ಅವರು ಏನು ಮಾಡುತ್ತಾರೋ ನೋಡೋಣ. ತಿರುಮಲ ಎರಡು ದಿನದಿಂದ ಮಾತಾಡುತ್ತಿಲ್ಲ. ನಿನ್ನೆ ಮಾತ್ರ, "ಒಂದು ಸಾಲು ಬಿಟ್ಟಿದ್ರೆ ಯಾರಿಗೆ ಗೊತ್ತಾಗ್ತಿತ್ತು?" ಅಂದರು. ನನಗೆ ಗೊತ್ತಾಗುತ್ತಿತ್ತು ಎಂಬ ಉತ್ತರ ಎಷ್ಟು ಜಂಭದ್ದು ಎನಿಸಿತು.

ನಿನ್ನ 17ನೇ ತಾರೀಖಿನ ಕಾಗದವನ್ನು ನನ್ನ ನಿಯಮದ ಪ್ರಕಾರ ಪ್ರಭಂಜನನಿಗೆ ತೋರಿಸಬೇಕಿತ್ತು. ತೋರಿಸಲಿಲ್ಲ. ತೋರಿಸುವುದೂ ಇಲ್ಲ. ನನ್ನ ತಕ್ಕಡಿ ನೀನು ಅಂದುಕೊಂಡಷ್ಟು ನೆಟ್ಟಗಿಲ್ಲ.

ಸುಚೇತಾ


ಕೇಟಿ, ಹ್ಯೂಸ್ಟನ್
9 ಸೆಪ್ಟೆಂಬರ್ 2025

ಸುಚೇತಾ ಅವರಿಗೆ ನಮಸ್ಕಾರ.

ವರದಿ ಮುಟ್ಟಿತು. ಕಾಗದದಲ್ಲೇ ಬರೆಯಬೇಕು ಎಂದು ನೀವು ಹೇಳಿದ್ದರಿಂದ ಬರೆಯುತ್ತಿದ್ದೇನೆ. ನನ್ನ ವಕೀಲರಿಗೆ ಇದು ಗೊತ್ತಿಲ್ಲ.

ಕಾರಿನ ಸ್ಥಿತಿ ನನಗೆ 2019ರಲ್ಲೇ ಗೊತ್ತಿತ್ತು. ಬ್ರೇಕ್ ಮಾಡಿಸಲು ಕೊಟ್ಟಾಗ ಆಸ್ಟಿನ್ನಿನ ಮೆಕ್ಯಾನಿಕ್ ಹೇಳಿದ. ಮಾರಿದವನನ್ನು ಹುಡುಕಿದೆ, ಅಂಗಡಿ ಮುಚ್ಚಿಕೊಂಡು ಹೋಗಿದ್ದ. ಕೃಷ್ಣವೇಣಿಗೆ ಹೇಳಲಿಲ್ಲ. ಹೇಳಿದ್ದರೆ ಮಾರು ಅನ್ನುತ್ತಿದ್ದಳು. ಅವ್ವನಿಗಂತೂ ಹೇಳುವ ಹಾಗೇ ಇರಲಿಲ್ಲ.

ನಮ್ಮಪ್ಪ ಹುಬ್ಬಳ್ಳಿಯ ಒಬ್ಬ ಅರಳೆ ವ್ಯಾಪಾರಿಯ ಹತ್ತಿರ ಡ್ರೈವರ್ ಇದ್ದ, ನಿಮಗೆ ಗೊತ್ತಿರಲಿಕ್ಕಿಲ್ಲ. ಇಂಥದ್ದೇ ಗಾಡಿ, ಇದೇ ಬಣ್ಣ. ಹದಿನಾರು ವರ್ಷ ಒರೆಸಿದ. ಒಮ್ಮೆ ಅವ್ವನನ್ನು ಧಾರವಾಡದ ದವಾಖಾನೆಗೆ ಕರೆದೊಯ್ಯಲು ಕೇಳಿದ್ದಕ್ಕೆ ಮಾಲಕರು, ಟಾಂಗಾ ಸಿಗತಾವಲ್ಲ ಅಂದರಂತೆ. ಅವ್ವ ಇದನ್ನು ನನಗೆ ಹೇಳಿದ್ದು ಒಂದೇ ಸಲ.

ಬೆಲೆಗೆ ನಿಮ್ಮನ್ನೇ ಕೇಳಬೇಕು ಎಂದು ವಕೀಲರಿಗೆ ಹೇಳಿದವ ನಾನೇ. ಬೇರೆಯವರು ನಲವತ್ತು ಎಂದರೆ ಅವಳು ನಿಮ್ಮ ಹಳೆಯ ವರದಿ ಹಿಡಿದು ಜಗಳಕ್ಕೆ ನಿಲ್ಲುತ್ತಿದ್ದಳು. ನೀವೇ ಅಂದರೆ ಮಾತು ಮುಗಿಯಿತು. ಇದರಲ್ಲಿ ನನಗೆ ಹೆಮ್ಮೆಯಿಲ್ಲ.

ನಿಮ್ಮ ವರದಿಯ ಎರಡನೇ ಪುಟವನ್ನು ಅವ್ವನ ಮುಂದೆ ಓದಿದೆ. "ಮುಟ್ಟಬ್ಯಾಡ ಅಂದಾಕಿ ನಾ. ಆ ಹುಡುಗಿ ಹೆಸರಿಗ್ಯಾಕ ಮಸಿ?" ಎಂದಳು. ಆಮೇಲೆ ಎಂದಿನಂತೆ ಗ್ಯಾರೇಜಿಗೆ ಹೋಗಿ ಅದರಲ್ಲೇ ಕೂತಳು.

ಪ್ರಭಂಜನ


ಮರ್ಫಿ
13 ಸೆಪ್ಟೆಂಬರ್ 2025

ಪ್ರಿಯ ವೇಣಿ,

ನೀನು ಬರೆದಿಲ್ಲ. ಬರೆಯಬೇಕೆಂದು ಕೇಳುವುದೂ ಇಲ್ಲ.

ಇದರೊಂದಿಗೆ ಪ್ರಭಂಜನನ ಕಾಗದದ ಪ್ರತಿ ಇದೆ. ಇನ್ನೊಬ್ಬರಿಗೆ ತೋರಿಸುತ್ತೇನೆ ಎಂದು ಅವನಿಗೂ ಮೊದಲೇ ಹೇಳಿದ್ದೆ. ನಿನ್ನದನ್ನು ಅವನಿಗೆ ತೋರಿಸದೆ ಅವನದನ್ನು ನಿನಗೆ ಕಳಿಸುತ್ತಿರುವುದಕ್ಕೆ ನ್ಯಾಯ ಎನ್ನುವುದಿಲ್ಲ, ಗೊತ್ತು. ಬೆಳಿಗ್ಗೆಯಿಂದ ಲಕೋಟೆ ಮೇಜಿನ ಮೇಲಿತ್ತು. ಮೂರು ಗಂಟೆಗೆ ಅಂಚೆಯ ಗಾಡಿ ಬೀದಿಗೆ ಬಂದಾಗ ಓಡಿಹೋಗಿ ಕೊಟ್ಟೆ, ಕೊಟ್ಟ ಮೇಲೂ ಸರಿಯೋ ತಪ್ಪೋ ಎಂದು ಅಲ್ಲೇ ನಿಂತಿದ್ದೆ ಎಂದು ಬರೆಯುವಂತಾದರೆ ಚೆನ್ನಾಗಿತ್ತು. ನಿಜವಾಗಿ ಇನ್ನೂ ಎರಡೂವರೆ ಗಂಟೆ. ಬರೆದುಬಿಟ್ಟರೆ ಓಡಿಹೋಗುತ್ತೇನೆ ಎಂದು ಬರೆಯುತ್ತಿದ್ದೇನೆ.

ಅವತ್ತಿನ ರಾತ್ರಿಯ ಬಗ್ಗೆ ನೀನು ಹೇಳಿದ್ದು ಸರಿ. ಹಿತ್ತಲಲ್ಲಿ ನಿಂತು ಅವನ ಮಾತನ್ನೂ ಕೇಳಿದೆ. ಅವನು ಬಹಳ ಚೆನ್ನಾಗಿ ಮಾತಾಡಿದ. ನೀನು ಚೆನ್ನಾಗಿ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಹೊರಗಿನ ಬಣ್ಣ ನೋಡಿ ಬೆಲೆ ಕಟ್ಟಿದ್ದು ಅದು ಎರಡನೇ ಸಲ.

ಸುಚೇತಾ


ಫ್ಲೂಗರ್‌ವಿಲ್
27 ಸೆಪ್ಟೆಂಬರ್ 2025

ಸುಚೇತಾ,

ಗುರುವಾರ ಮುಗಿಯಿತು. ಬೇರೆ ಯಾರೋ ಹೇಳಿ ನಿನಗೆ ತಿಳಿಯುವುದು ಬೇಡವೆಂದು ಬರೆಯುತ್ತಿದ್ದೇನೆ.

ನಿನ್ನ ನಲವತ್ತನಾಲ್ಕು ಬಂದ ದಿನ ಮನೆ ಮಾರುವ ಏಜೆಂಟಿಗೆ ಫೋನ್ ಮಾಡಿದ್ದೆ. ಅವಳು ಅಂಗಳದಲ್ಲಿ ಬೋರ್ಡು ನೆಡುವ ಜಾಗವನ್ನೂ ನೋಡಿಕೊಂಡು ಹೋಗಿದ್ದಳು. ಆಮೇಲೆ ಅವನ ಕಾಗದ ಬಂತು. ಮೊದಲ ಸಲ ಓದಿದಾಗ ತಟ್ಟೆ ಎಸೆದೆ. ಆರು ವರ್ಷ! ಆರು ಆಯುಧಪೂಜೆ ಆ ಪುಟ್ಟಿಗೆ ಕುಂಕುಮ ಹಚ್ಚಿದವಳು ನಾನು. ಎರಡನೇ ಸಲ ಓದಿದಾಗ ಬೇರೆಯದು ಕಂಡಿತು. ಎಲ್ಲ ಗೊತ್ತಿದ್ದೂ ಅವನು ಅದನ್ನು ಮಾರಿಲ್ಲ. ಹೊಸ ಕಾರನ್ನು ಬಿಸಿಲಿಗೆ ಬಿಟ್ಟು ಇದನ್ನು ನೆರಳಿಗೆ ನಿಲ್ಲಿಸಿದ್ದಾನೆ.

ಮಧ್ಯಸ್ಥಿಕೆಗೆ ನಾವಿಬ್ಬರೂ ಸಹಿ ಹಾಕಿದ್ದ ಒಪ್ಪಂದವನ್ನು ತೆಗೆದು ನೋಡಿದೆ. ಬೆಲೆ ಯಾರು ಹೇಳಬೇಕು ಅಂತಿತ್ತು. ಕಾರು ಯಾರಿಗೆ ಅಂತ ಎಲ್ಲೂ ಇರಲಿಲ್ಲ. ಅವನದು ಅಂತ ಎಲ್ಲರೂ ಅಂದುಕೊಂಡಿದ್ದೆವು ಅಷ್ಟೆ.

ಅಲ್ಲಿ ಇಬ್ಬರಿಗೂ ಬೇರೆ ಬೇರೆ ಕೋಣೆ. ಮಧ್ಯಸ್ಥಗಾರ್ತಿ ನಡುವೆ ಓಡಾಡುತ್ತಾಳೆ. ನಾನು ಹೇಳಿಕಳಿಸಿದೆ: ನಲವತ್ತನಾಲ್ಕು ಒಪ್ಪಿದೆ. ಮನೆ ಹೇಗೂ ನನಗೆ ಉಳಿಯುವುದಿಲ್ಲ, ಮಾರಿ ಹಂಚಿಕೊಳ್ಳೋಣ. ಕಾರನ್ನು ನಲವತ್ತನಾಲ್ಕಕ್ಕೆ ನಾನು ತಗೋತೀನಿ.

ನನ್ನ ವಕೀಲೆ ಪೆನ್ನು ಕೆಳಗಿಟ್ಟಳು. ಮಧ್ಯಸ್ಥಗಾರ್ತಿ ಹೋದವಳು ಅರ್ಧ ಗಂಟೆ ಬರಲಿಲ್ಲ. ಬಂದು, ಕಾರು ತನಗೇ ಬಿಟ್ಟರೆ ಅದನ್ನು ಐವತ್ತು ಅಂತ ಹಿಡಿಯುತ್ತಾನಂತೆ ಅಂದಳು. ಇಲ್ಲ ಅಂದೆ. ಅರವತ್ತು. ಇಲ್ಲ. ಎಪ್ಪತ್ತಕ್ಕೆ ಬಂದಾಗಲೂ ಇಲ್ಲ ಅಂದೆ. ಅವನು ಸಾಕು ಅಂದುಬಿಟ್ಟರೆ ಮನೆಯೂ ಇಲ್ಲ, ಕೈಯಲ್ಲಿ ಒಂದು ಕೊಳೆತ ಕಾರು.

ಆಮೇಲೆ ಬಾಗಿಲು ತಟ್ಟಿ ಅವನೇ ಬಂದ. ಬರುವ ಹಾಗಿರಲಿಲ್ಲ. ಬಾಗಿಲಲ್ಲೇ ನಿಂತ.

"ವೇಣಿ, ಅವ್ವ ಅದರಾಗ ಕೂತು ಚಾ ಕುಡೀತಾಳ. ಗೊತ್ತದಲ್ಲ ನಿನಗ?"

"ಗೊತ್ತು."

"ನೀ ಅದನ್ನ ತಗೊಂಡು ಏನ ಮಾಡಾಕಿ?"

"ಮಾರ್ತೀನಿ. ಗುಜರಿಗಾದ್ರೂ ಸರಿ."

"ಎಷ್ಟ ಬೇಕು ಹೇಳಿಬಿಡು."

ಇಪ್ಪತ್ತು ವರ್ಷದಲ್ಲಿ ಅವನು ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. ತೊಂಬತ್ತೆರಡು ಅನ್ನಬಹುದಿತ್ತು. ನೂರು ಅಂದಿದ್ದರೂ ಸಾಲ ಮಾಡಿ ಕೊಡುತ್ತಿದ್ದ, ಮುಖ ಹಾಗಿತ್ತು. ಎಂಬತ್ತೈದು ಅಂದೆ. ಮನೆಗೆ ಬೇಕಾದದ್ದು ಅಷ್ಟೇ. ಅವನು ಹೂಂ ಎಂದು ತಲೆಯಾಡಿಸಿ ಹೋದ. ಕಾರು ಅವನಿಗೆ, ಮನೆ ನನಗೆ.

ಅದು ನಿನ್ನ ಸೂತ್ರದ ನ್ಯಾಯವಾದ ಬೆಲೆಯಲ್ಲ. ಅವನಿಗೆ ಒತ್ತಾಯವಿತ್ತು, ನನಗೆ ಅವಸರವಿತ್ತು. ಒಬ್ಬ ಮುದುಕಿಯ ಚಹಾದ ಲೋಟವನ್ನು ಮೇಜಿನ ಮೇಲಿಟ್ಟು ಚೌಕಾಸಿ ಮಾಡಿದೆ ಅನ್ನುವುದೂ ಗೊತ್ತು. ನಿದ್ದೆ ಸರಿಯಾಗಿ ಬರುತ್ತಿಲ್ಲ. ಆದರೆ ಇಬ್ಬರಿಗೂ ಎಲ್ಲ ಗೊತ್ತಿತ್ತು. ನಿನ್ನ ಸೂತ್ರದ ಆ ಒಂದು ಭಾಗವಾದರೂ ನೆರವೇರಿತು, ಅದು ನಿನ್ನಿಂದ. ನೀನು ನನ್ನ ಮಾತು ಕೇಳಿ ಎಂಬತ್ತೈದು ಬರೆದಿದ್ದರೆ ಅವನ ವಕೀಲರು ಮೆಕ್ಯಾನಿಕ್ಕನನ್ನು ಎಳೆದು ತಂದು ನಮ್ಮಿಬ್ಬರನ್ನೂ ಮುಗಿಸುತ್ತಿದ್ದರು. ಇದನ್ನು ನಾನು ಥ್ಯಾಂಕ್ಸ್ ಅಂತ ಬರೆಯುತ್ತಿಲ್ಲ.

ಸೂಟ್‌ಕೇಸಿನ ವಿಷಯ ಹಾಗೇ ಇದೆ. ಅದು ಕಾಗದದಲ್ಲಿ ಮುಗಿಯುವಂಥದ್ದಲ್ಲ.

ಬುಧವಾರ ಆಯುಧಪೂಜೆ. ಈ ಸಲ ಕಾರಿಲ್ಲ. ಅನಘಾಳ ಲ್ಯಾಪ್‌ಟಾಪು, ಅಡುಗೆಮನೆಯ ಚಾಕು, ಮನೆಯ ಬೀಗದ ಕೈ ಇಡುತ್ತೇನೆ. ದೇವರ ಪೆಟ್ಟಿಗೆ ತೊಳೆಯುವಾಗ ನಿನ್ನ ಅಯಸ್ಕಾಂತ ಸಿಕ್ಕಿತು. ಬಟ್ಟೆಯ ಮೇಲೆ ನಾನು ಹಚ್ಚಿದ ಕುಂಕುಮ ಕಂದುಬಣ್ಣಕ್ಕೆ ತಿರುಗಿದೆ. ಎರಡು ಸಲ ಲಕೋಟೆಗೆ ಹಾಕಿದೆ, ಎರಡು ಸಲವೂ ತೆಗೆದೆ.

ಪೋಸ್ಟಿನಲ್ಲಿ ಕಳಿಸುವುದಿಲ್ಲ. ಪೂಜೆಗೆ ಇಟ್ಟ ಆಯುಧವನ್ನು ಅದರ ಒಡತಿಯೇ ದಶಮಿಯ ದಿನ ಬಂದು ಎತ್ತಿಕೊಳ್ಳಬೇಕು. ದಶಮಿ ಗುರುವಾರ. ನೀನು ಆಗಲೇ ಏಳು ವರ್ಷ ತಡ.

ವೇಣಿ